ಲಾಳಿಯ ದೋಣಿ

ಗುಜರಿಯ ಹುಚ್ಚು ನನಗೆ ಹತ್ತಿ ಬಹುಕಾಲವಾಯಿತು. ಓಕಳೀಪುರದ ನಮ್ಮ ಮನೆಯಲ್ಲಿ ರೈಲು ಹೋದಾಗ ಪಾತ್ರೆಗಳೊಡನೆ ನಾನು ಹೊತ್ತು ತಂದ ತುಕ್ಕು ಸಾಮಾನುಗಳೂ ನಡುಗುತ್ತವೆ. ಭಾನುವಾರ ಬೆಳಗ್ಗೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಹಳೆಯ ಸಾಮಾನಿನ ಸಂತೆಗೆ ಹೊರಟೆನೆಂದರೆ, "ಮನೆಯಲ್ಲಿರುವ ಕಸ ಸಾಲದೆ?" ಎಂಬ ಮಂಗಳವಾಕ್ಯ ಬೆನ್ನ ಹಿಂದೆ ತಪ್ಪದೆ ಕೇಳಿಸುವುದು. ಪಿಕಾಸೋ ಎಂಬ ಕಲಾವಿದನು 1942ರಲ್ಲಿ ಬೈಸಿಕಲ್ಲಿನ ಸೀಟನ್ನೂ ಹ್ಯಾಂಡಲನ್ನೂ ಜೋಡಿಸಿ ಗೂಳಿಯ ತಲೆಯನ್ನು ಮಾಡಲಿಲ್ಲವೆ ಎಂದು ವಾದಿಸಿ ನೋಡಿದ್ದೇನೆ; ಫಲವಿಲ್ಲ.

ಒಮ್ಮೆ ಆ ಸಂತೆಯಲ್ಲಿ ಮರದ ಲಾಳಿಯೊಂದು ಸಿಕ್ಕಿತು. ಒಂದೂವರೆ ಗೇಣು ಉದ್ದ, ಎರಡು ತುದಿಗೂ ಉಕ್ಕಿನ ಮೊನೆ, ನಡುವೆ ಕಂಡಿಕೆ ಕೂಡುವ ಹಳ್ಳ. ನನ್ನ ಕಣ್ಣಿಗೆ ಅದು ದೋಣಿಯಾಗಿಯೇ ಕಂಡಿತು. ನವರಾತ್ರಿ ಸಮೀಪಿಸಿತ್ತು. ಬೊಂಬೆಗಳ ಮೆಟ್ಟಿಲ ಕೆಳಗೆ ಚೌಕಟ್ಟು ಕಳೆದುಕೊಂಡ ಕನ್ನಡಿಯನ್ನು ಹೊಳೆಯಾಗಿ ಹಾಸಿ, ಲಾಳಿಗೆ ರಂಧ್ರ ಕೊರೆದು, ಕೊಡೆಯ ಕಡ್ಡಿಯ ಕಂಬಕ್ಕೆ ಹಳೆಯ ಪಂಚೆಯ ಹಾಯಿ ಕಟ್ಟಿ, ಚನ್ನಪಟ್ಟಣದ ಬೊಂಬೆಯೊಂದನ್ನು ಅಂಬಿಗನಾಗಿ ಕೂರಿಸಿದೆನು. ಬಂದವರೆಲ್ಲ ಮೆಚ್ಚಿದರು. ನಾನೂ ಸ್ವಲ್ಪ ಉಬ್ಬಿದೆನೆಂದು ಒಪ್ಪಿಕೊಳ್ಳಬೇಕು.

ಏಳನೆಯ ದಿನ ಹಿಂದಿನ ಬೀದಿಯ ವೃದ್ಧರೊಬ್ಬರು ಮೊಮ್ಮಗಳ ಕೈ ಹಿಡಿದು ಬಂದರು. 1884ರಲ್ಲಿ ಆರಂಭವಾಗಿ ಮುಂದೆ ಬಿನ್ನಿ ಮಿಲ್ಲೆಂದು ಹೆಸರಾದ ಗಿರಣಿ ಈಗಿಲ್ಲ. ಮಲ್ಲೇಶ್ವರದ ರಾಜಾ ಮಿಲ್ಲಿನ ನೆಲದ ಮೇಲೆ ಈಗ ಥಳಕಿನ ಮಳಿಗೆಗಳಿವೆ. ಆದರೆ ಮಿಲ್ಲಿನಲ್ಲಿ ದುಡಿದ ಮುದುಕರು ನಮ್ಮ ಸುತ್ತಿನಲ್ಲಿ ಇನ್ನೂ ಉಂಟು. ಇವರೂ ಒಂದು ಗಿರಣಿಯಲ್ಲಿ ನೇಯ್ದವರು. ಮಗ್ಗದ ಸದ್ದು ಕಿವಿಯನ್ನು ಮುಕ್ಕಾಲು ತಿಂದಿತ್ತು.

ಅವರು ಪಟ್ಟದ ಬೊಂಬೆಗಳತ್ತ ನೋಡಲೇ ಇಲ್ಲ. ಬಗ್ಗಿ, ಅಂಬಿಗನನ್ನು ಮೆಲ್ಲನೆ ಕೆಳಗಿಳಿಸಿ, ಲಾಳಿಯನ್ನೆತ್ತಿ ಅದರ ಪಕ್ಕದ ಸಣ್ಣ ಕಣ್ಣನ್ನು ಹೆಬ್ಬೆರಳಿನಿಂದ ಸವರಿದರು. "ಇದರಲ್ಲಿ ನೂಲನ್ನು ಬಾಯಿಂದ ಎಳೆಯುತ್ತಿದ್ದೆವು ಸ್ವಾಮಿ. ನೂಲಿನ ಜೊತೆಗೆ ಹತ್ತಿಯ ಧೂಳೂ ಒಳಕ್ಕೆ ಹೋಗುತ್ತಿತ್ತು." ಬೆರಳು ಮುಂದೆ ಸರಿದು ನಾನು ಕೊರೆದ ರಂಧ್ರದ ಬಳಿ ನಿಂತಿತು. ನನಗೆ ಮುಖವೆತ್ತಲಾಗಲಿಲ್ಲ.

"ತೆಗೆದುಕೊಂಡು ಹೋಗಿ, ಯಜಮಾನರೆ" ಎಂದು ಗಟ್ಟಿಯಾಗಿ ಕೂಗಿದೆನು.

"ನಾನು ಇಟ್ಟುಕೊಂಡು ಏನು ಮಾಡಲಿ? ನಿಮ್ಮ ಹಾಯಿ ಸೊಟ್ಟಗಿದೆ" ಎಂದು ನೆಲದ ಮೇಲೆ ಕುಳಿತರು. ತಮ್ಮ ಪಂಚೆಯ ಅಂಚಿನಿಂದ ಒಂದೆಳೆಯನ್ನು ಕಿತ್ತು, ಅದರ ತುದಿಯನ್ನು ಒಳಗಿನಿಂದ ಆ ಕಣ್ಣಿಗೆ ಹಿಡಿದು, ಹೊರಗೆ ತುಟಿಯಿಟ್ಟು ಒಮ್ಮೆ ಉಸಿರೆಳೆದರು. ನೂಲು ಬಂದಿತು. ಅದರಿಂದಲೇ ಹಾಯಿಯನ್ನು ಬಿಗಿದು ಕಟ್ಟಿ, ಅಂಬಿಗನನ್ನು ಮತ್ತೆ ಕೂರಿಸಿದರು. ಮೊಮ್ಮಗಳು ಚರುಪಿಗಾಗಿ ಆಗಲೇ ಕೈ ಚಾಚಿ ನಿಂತಿದ್ದಳು.