ಮತ್ತೆ ಮುಂದಕ್ಕೆ ಹೋದ ತಾರೀಖು

ಆ್ಯಶ್‌ಫರ್ಡ್, ಕೆಂಟ್
ಜನವರಿ 15, 2019, ಮಂಗಳವಾರ

ಬ್ರೆಕ್ಸಿಟ್ ಒಪ್ಪಂದ ಪಾರ್ಲಿಮೆಂಟಿನಲ್ಲಿ ಬಿತ್ತು. ಪರ 202, ವಿರುದ್ಧ 432. ಈ ಕಾಲದ ಯಾವ ಸರ್ಕಾರವೂ ಇಷ್ಟು ದೊಡ್ಡ ಅಂತರದಲ್ಲಿ ಸೋತಿಲ್ಲ. ಡಿಸೆಂಬರಿನಲ್ಲೇ ಆಗಬೇಕಿದ್ದ ಮತದಾನ ಇದು. ಸೋಲುವುದು ಖಚಿತವೆಂದು ತಿಳಿದು ಪ್ರಧಾನಿ ಥೆರೆಸಾ ಮೇ ಮುಂದಕ್ಕೆ ಹಾಕಿದ್ದರು. ಐದು ವಾರ ಹೋಯಿತು, ಬಂದದ್ದು ಅದೇ ಸೋಲು. ಐರೋಪ್ಯ ಒಕ್ಕೂಟ ಬಿಡುವ ಗಡುವು ಮಾರ್ಚ್ 29, ರಾತ್ರಿ 11 ಗಂಟೆ.

ಬೆಳಿಗ್ಗೆ ನಮ್ಮ ಔಷಧಿ ಅಂಗಡಿಗೆ ಹಿರಿಯರೊಬ್ಬರು ಬಂದಿದ್ದರು. ಲಾರಿ ಓಡಿಸಿ ನಿವೃತ್ತರಾದವರು. ಹೆಂಡತಿಗೆ ಎರಡು ತಿಂಗಳ ಇನ್ಸುಲಿನ್ ಒಟ್ಟಿಗೇ ಕೊಡಲು ಆಗುತ್ತದೆಯೇ ಎಂದು ಕೇಳಿದರು. ಕೊಡುವಂತಿಲ್ಲ. ಆರು ವಾರಕ್ಕಾಗುವಷ್ಟು ಹೆಚ್ಚಿನ ದಾಸ್ತಾನು ಇಡಬೇಕೆಂದು ಸರ್ಕಾರ ಔಷಧಿ ಕಂಪನಿಗಳಿಗೆ ಹೇಳಿದೆ. ರೋಗಿಗಳಿಗೆ, ನಮ್ಮಂಥ ಫಾರ್ಮಸಿಸ್ಟರಿಗೆ ಬಂದ ಸೂಚನೆ ಒಂದೇ: ಯಾರೂ ಕೂಡಿಡಬೇಡಿ. ಇಲ್ಲಿ ಬಳಸುವ ಇನ್ಸುಲಿನ್ ಬಹುಪಾಲು ಬರುವುದು ಸಮುದ್ರದಾಚೆಯಿಂದ. "ಮಾರ್ಚ್ ಆದಮೇಲೂ ಸಿಗುತ್ತದೆ ಎಂದು ನೀವು ಮಾತು ಕೊಡುತ್ತೀರಾ?" ಎಂದರು. ಸಿಗಬೇಕು ಎಂದೆ. ಅದಕ್ಕಿಂತ ಗಟ್ಟಿಯಾದ ಮಾತು ನನ್ನ ಬಳಿ ಇರಲಿಲ್ಲ. ಪ್ರಧಾನಿ ತಾವೇ ದಿನಾ ಇನ್ಸುಲಿನ್ ಚುಚ್ಚಿಕೊಳ್ಳುವವರು. ಆ ಪ್ರಶ್ನೆ ಕೇಳುವವರ ಎದೆಯಲ್ಲಿ ಏನಿರುತ್ತದೆಂದು ಅವರಿಗೆ ಯಾರೂ ವಿವರಿಸಬೇಕಿಲ್ಲ.

ಫೆಬ್ರವರಿ 9, ಶನಿವಾರ

ರಾಮ್ಸ್‌ಗೇಟ್ ಬಂದರಿನಿಂದ ಬೆಲ್ಜಿಯಮ್ಮಿಗೆ ಸರಕು ಸಾಗಿಸುವ ಗುತ್ತಿಗೆ ಇವತ್ತು ರದ್ದಾಗಿದೆ. 1 ಕೋಟಿ 38 ಲಕ್ಷ ಪೌಂಡಿನ ಗುತ್ತಿಗೆ. ಪಡೆದ ಕಂಪನಿಯ ಬಳಿ ಒಂದು ಹಡಗೂ ಇರಲಿಲ್ಲ. ದುಡ್ಡು ಇನ್ನೂ ಸಂದಿರಲಿಲ್ಲ ಎಂಬ ಸಮಾಧಾನ ನನಗೆ ಸಾಲದು. ಒಪ್ಪಂದವಿಲ್ಲದೆ ಹೊರಬಿದ್ದರೆ ಡೋವರ್ ಬಂದರು ಕಟ್ಟಿಕೊಳ್ಳುತ್ತದೆಂದು ಸರ್ಕಾರವೇ ಹೇಳಿ, ಔಷಧಿ ಬರಬಹುದಾದ ಇನ್ನೊಂದು ದಾರಿಯನ್ನು ಹೀಗೆ ನೆಚ್ಚಿಕೊಂಡಿತ್ತು.

ಮಾರ್ಚ್ 17, ಭಾನುವಾರ

ಮಂಗಳವಾರ ಒಪ್ಪಂದ ಎರಡನೇ ಸಲ ಬಿತ್ತು, 149 ಮತಗಳಿಂದ. ಧಾರವಾಡದಿಂದ ಅಪ್ಪನ ಫೋನು: "ಏನವ್ವಾ, ಹೋಗ್ತೀವಂತ ಹೇಳಿ ಮೂರು ವರ್ಷ ಆಗಾಕ ಬಂತು, ಇನ್ನೂ ಯಾಕ ಹೋಗವಲ್ರು?"

ಐರ್ಲೆಂಡಿನ ಗಡಿ, ಅಪ್ಪಾ, ಎಂದು ಶುರುಮಾಡಿದೆ. ಉತ್ತರ ಐರ್ಲೆಂಡ್ ಬ್ರಿಟನ್ನಿನದು, ದಕ್ಷಿಣದ್ದು ಸ್ವತಂತ್ರ ದೇಶ, ಒಕ್ಕೂಟದ ಸದಸ್ಯ. ಮೂವತ್ತು ವರ್ಷ ಗುಂಡು ಬಾಂಬುಗಳಲ್ಲಿ ಬೆಂದ ನೆಲ. 1998ರಲ್ಲಿ ಶಾಂತಿ ಒಪ್ಪಂದವಾಯಿತು, ಸೈನಿಕರ ಕಾವಲು ಗೋಪುರಗಳು ಇಳಿದವು, ಈಗ ಗಡಿ ದಾಟಿದ್ದೇ ತಿಳಿಯುವುದಿಲ್ಲ. ಬ್ರಿಟನ್ ಒಕ್ಕೂಟದ ಮಾರುಕಟ್ಟೆಯಿಂದಲೂ ಸುಂಕ ವ್ಯವಸ್ಥೆಯಿಂದಲೂ ಹೊರಬಂದರೆ ಎಲ್ಲೋ ಒಂದು ಕಡೆ ಸರಕು ತಪಾಸಣೆ ಆಗಲೇಬೇಕು. ಗಡಿಯಲ್ಲಾದರೆ ಶಾಂತಿಗೆ ಧಕ್ಕೆ, ಸಮುದ್ರದಲ್ಲಾದರೆ ದೇಶ ಎರಡಾಯಿತೆಂಬ ಕೂಗು. ಬೇರೆ ದಾರಿ ಸಿಗುವವರೆಗೆ ಇಡೀ ಬ್ರಿಟನ್ ಒಕ್ಕೂಟದ ಸುಂಕ ವ್ಯವಸ್ಥೆಯಲ್ಲೇ ಇರಲಿ ಎನ್ನುವ ಷರತ್ತಿಗೆ ಬ್ಯಾಕ್‌ಸ್ಟಾಪ್ ಎನ್ನುತ್ತಾರೆ. ಅದಕ್ಕೇ ಈ ಜಗಳ.

"ಇದು ಮತ ಹಾಕೂ ಮೊದ್ಲ ಗೊತ್ತಿರಲಿಲ್ಲೇನು?" ಅಂದರು ಅಪ್ಪ. ಗೊತ್ತಿತ್ತು. 2016ರ ಜೂನ್ ಮೊದಲಲ್ಲಿ ಮಾಜಿ ಪ್ರಧಾನಿಗಳಾದ ಟೋನಿ ಬ್ಲೇರ್, ಜಾನ್ ಮೇಜರ್ ಇಬ್ಬರೂ ಉತ್ತರ ಐರ್ಲೆಂಡಿನ ಡೆರಿಗೆ ಹೋಗಿ ಎಚ್ಚರಿಸಿದ್ದರು. ಕೇಳಿಸಿಕೊಳ್ಳಲಿಲ್ಲ.

ಮಾರ್ಚ್ 20, ಬುಧವಾರ, ರಾತ್ರಿ

ಟಿವಿಯಲ್ಲಿ ಪ್ರಧಾನಿ ಮಾತಾಡಿದರು. ಜನ ಬೇಸತ್ತಿದ್ದಾರೆ, ನಾನು ನಿಮ್ಮ ಕಡೆಗಿದ್ದೇನೆ, ತಪ್ಪು ಸಂಸದರದು ಎಂಬ ಅರ್ಥದ ಮಾತು. ಕೇಳುತ್ತ ಕೂತವಳಿಗೆ ಸಿಟ್ಟು ನೆತ್ತಿಗೇರಿತು.

2017ರ ಮಾರ್ಚ್ 29ರಂದು ಒಕ್ಕೂಟ ಬಿಡುತ್ತೇವೆಂಬ 50ನೇ ವಿಧಿಯ ಪತ್ರ ಕೊಟ್ಟವರು ಇವರೇ. ಕೊಟ್ಟ ಕ್ಷಣದಿಂದ ಎರಡು ವರ್ಷದ ಗಡಿಯಾರ ಓಡುತ್ತದೆಂದು ಗೊತ್ತಿದ್ದೂ, ನಮಗೆ ಬೇಕಾದದ್ದೇನು ಎಂದು ಸಂಪುಟದೊಳಗೇ ತೀರ್ಮಾನವಾಗಿರಲಿಲ್ಲ. ಪತ್ರ ಕೊಟ್ಟು ಚುನಾವಣೆಗೆ ಹೋದರು, ಇದ್ದ ಬಹುಮತವನ್ನೂ ಕಳೆದುಕೊಂಡರು, ಉತ್ತರ ಐರ್ಲೆಂಡಿನ ಪಕ್ಷವೊಂದರ ಹತ್ತು ಸಂಸದರ ಬೆಂಬಲದ ಮೇಲೆ ನಿಂತರು. ಸಂಪುಟವನ್ನು ಚೆಕರ್ಸ್ ಬಂಗಲೆಯಲ್ಲಿ ಕೂಡಿಸಿ ಒಂದು ನಿಲುವಿಗೆ ಬಂದದ್ದು 2018ರ ಜುಲೈ 6ಕ್ಕೆ. ಅಷ್ಟರಲ್ಲಿ ಇಪ್ಪತ್ನಾಲ್ಕು ತಿಂಗಳಲ್ಲಿ ಹದಿನೈದು ಮುಗಿದಿದ್ದವು. ಆ ನಿಲುವೂ ಮೂರು ದಿನ ಬಾಳಲಿಲ್ಲ. ಮಾತುಕತೆಯ ಹೊಣೆ ಹೊತ್ತ ಡೇವಿಡ್ ಡೇವಿಸ್ ರಾಜೀನಾಮೆ ಕೊಟ್ಟರು, ಮರುದಿನ ವಿದೇಶಾಂಗ ಸಚಿವ ಬೋರಿಸ್ ಜಾನ್ಸನ್. ನವೆಂಬರಿನಲ್ಲಿ ಒಪ್ಪಂದದ 585 ಪುಟಗಳ ಕರಡು ಬಂತು. ಡೇವಿಸ್ ಜಾಗಕ್ಕೆ ಬಂದಿದ್ದ ಡಾಮಿನಿಕ್ ರಾಬ್ ಕೂಡ ಮರುದಿನವೇ ಹೊರನಡೆದರು. ಬ್ರಸೆಲ್ಸ್‌ನಲ್ಲಿ ಎದುರು ಕೂತ ಮಿಷೆಲ್ ಬಾರ್ನಿಯೆ ಆದಿಯಿಂದ ಅಲ್ಲೇ ಕೂತಿದ್ದಾರೆ.

ಈ ಚೌಕಾಸಿಯೆಲ್ಲ ನಡೆದದ್ದು ಒಂದೇ ಪಕ್ಷದ ಎರಡು ಬಣಗಳ ನಡುವೆ. 2016ರ ಜನಮತದಲ್ಲಿ ಬಿಡಬೇಕೆಂದವರು 1 ಕೋಟಿ 74 ಲಕ್ಷ, ಉಳಿಯಬೇಕೆಂದವರು 1 ಕೋಟಿ 61 ಲಕ್ಷ. ಇಷ್ಟು ಹತ್ತಿರದ ತೀರ್ಪು ಬಂದ ದೇಶದಲ್ಲಿ ಎದುರಿನವರನ್ನು ಮೊದಲ ವಾರವೇ ಕರೆದು ಕೂರಿಸಬೇಕಿತ್ತು. ವಿರೋಧ ಪಕ್ಷದ ಜೆರೆಮಿ ಕಾರ್ಬಿನ್ ತಮಗೇನು ಬೇಕೆಂದು ಸ್ಪಷ್ಟವಾಗಿ ಹೇಳಿದ್ದರೆ ಅವರಿಗೂ ನಾನು ಸ್ವಲ್ಪ ಗೌರವ ಇಟ್ಟುಕೊಳ್ಳುತ್ತಿದ್ದೆ.

ಮಾರ್ಚ್ 23, ಶನಿವಾರ

ಮತ್ತೊಮ್ಮೆ ಜನಮತ ಕೇಳಿ ಎನ್ನುವ ಮೆರವಣಿಗೆಗೆ ಲಂಡನ್ನಿಗೆ ಹೋಗಿದ್ದೆ, ಅಂಗಡಿಯಲ್ಲಿ ಜೊತೆಗಿರುವ ಪೋರ್ಚುಗಲ್ಲಿನ ಪೋರ್ಟೊದ ಗೆಳತಿಯ ಜೊತೆ. ಪಾರ್ಕ್ ಲೇನಿನಿಂದ ಪಾರ್ಲಿಮೆಂಟ್ ಚೌಕದವರೆಗೆ ಜನವೋ ಜನ. ಹತ್ತು ಲಕ್ಷ ಎಂದರು ಸಂಘಟಕರು. ಎಣಿಸುವವರ ಲೆಕ್ಕ ಬೇರೆ ಇದ್ದೀತು. ಗಂಟೆಗಟ್ಟಲೆ ಒಂದೇ ಕಡೆ ನಿಂತದ್ದಂತೂ ನಿಜ.

2016ರಲ್ಲಿ ನನಗೆ ಮತವಿತ್ತು. ಭಾರತದ ಪಾಸ್‌ಪೋರ್ಟ್ ಹಿಡಿದಿದ್ದರೂ ಕಾಮನ್‌ವೆಲ್ತ್ ದೇಶದವಳೆಂದು ಮತಗಟ್ಟೆಗೆ ಹೋಗಿಬಂದೆ. ನನಗಿಂತ ಮೊದಲು ಇಲ್ಲಿಗೆ ಬಂದ ಅವಳಿಗೆ ಇರಲಿಲ್ಲ. ಯಾರ ಬದುಕಿನ ಪ್ರಶ್ನೆಯೋ ಅವರನ್ನೇ ಕೇಳಲಿಲ್ಲ. ಇದನ್ನು ನನಗೆ ಇವತ್ತಿಗೂ ಒಪ್ಪಿಕೊಳ್ಳಲಾಗಿಲ್ಲ.

ಮೆರವಣಿಗೆ ಮುಗಿಸಿ ಲ್ಯಾಂಬೆತ್ ಸೇತುವೆ ದಾಟಿ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನ ಬಸವಣ್ಣನವರ ಪ್ರತಿಮೆಗೆ ಹೋದೆವು. ಥೇಮ್ಸ್ ನದಿಯಾಚೆ ಪಾರ್ಲಿಮೆಂಟು. ಇವರು ಯಾರೆಂದು ಕೇಳಿದಳು. ಅಂಬಿಗರು, ಮಡಿವಾಳರು, ಸಮಗಾರರು ಸಮನಾಗಿ ಕೂತು ವಾದಿಸಿದ ಅನುಭವ ಮಂಟಪದ ಮಾತು ಹೇಳಿದೆ. ಹೊರಗಿನಿಂದ ಬಂದವರಿಗೂ ಅಲ್ಲಿ ಮಾತಾಡಲು ಬಿಡುತ್ತಿದ್ದರೇ ಎಂದಳು. ಕಾಶ್ಮೀರದಿಂದ ಕಲ್ಯಾಣಕ್ಕೆ ಬಂದು ಕಟ್ಟಿಗೆ ಮಾರಿ ಬದುಕಿದ ಮೋಳಿಗೆ ಮಾರಯ್ಯನ ಕತೆಯನ್ನು ರೈಲಿನಲ್ಲಿ ಪೂರ್ತಿ ಹೇಳಬೇಕಾಯಿತು.

ಮಾರ್ಚ್ 27, ಬುಧವಾರ

ಎಂಟು ಆಯ್ಕೆಗಳನ್ನು ಸದನದ ಮುಂದಿಟ್ಟರು. ಎಂಟಕ್ಕೂ ಬಹುಮತವಿಲ್ಲ. ಬ್ರೆಕ್ಸಿಟ್ ಮುನ್ನೆಚ್ಚರಿಕೆಯೆಂದು ಎಂ20 ಹೆದ್ದಾರಿಯಲ್ಲಿ ಸೋಮವಾರದಿಂದ ಡೋವರ್ ಕಡೆಯ ಲಾರಿಗಳಿಗೆ ಬೇರೆ ದಾರಿ, ಗಂಟೆಗೆ 30 ಮೈಲಿ ಮಿತಿ. ಔಷಧಿ ತರುವ ವ್ಯಾನು ಇವತ್ತು ತಡವಾಗಿ ಬಂತು.

ಮಾರ್ಚ್ 29, ಶುಕ್ರವಾರ

ಇವತ್ತೇ ಹೊರಡಬೇಕಿತ್ತು, ಗಡುವು ಮುಂದಕ್ಕೆ ಹೋಯಿತು. ಮೂರನೇ ಸಲವೂ ಸೋಲು, 286ಕ್ಕೆ 344. ಪಾರ್ಲಿಮೆಂಟ್ ಚೌಕದಲ್ಲಿ ಈ ಸಲ ಬಿಡಬೇಕೆಂಬವರ ಜನಸಾಗರ. ಲಾರಿಯ ಹಿರಿಯರೂ ಹೋಗಬೇಕೆಂದಿದ್ದರಂತೆ, ಮೊಣಕಾಲು ನೋವೆಂದು ಉಳಿದರು. ಅವರು 2016ರಲ್ಲಿ ಬಿಡುವ ಪರ ಮತ ಹಾಕಿದವರು. ಬದುಕಿನಲ್ಲಿ ಮೊದಲ ಸಲ ತನ್ನ ಮತಕ್ಕೆ ತೂಕವಿದೆ ಅನ್ನಿಸಿತ್ತು, ಇನ್ನು ಮತಗಟ್ಟೆಗೆ ಕಾಲಿಡುವುದಿಲ್ಲ ಎಂದರು. ಅವರ ತೀರ್ಪನ್ನು ನಾನು ಒಪ್ಪುವುದಿಲ್ಲ, ಆದರೆ ಅವರಿಗಾದ ಅನ್ಯಾಯ ನನಗೆ ಕಾಣುತ್ತದೆ. ಮಾಡಲಾಗದ್ದನ್ನು ಸುಲಭವೆಂದು ಹೇಳಿ ಅವರ ಮತ ಪಡೆದರು. ನನ್ನ ಗೆಳತಿಯ ನಿದ್ದೆ ಕೆಡಿಸಿದವರೂ ಅದೇ ಜನ.

ಮಾರ್ಚ್ 31, ಭಾನುವಾರ

ಗೆಳತಿ ಮನೆಗೆ ಬಂದಿದ್ದಳು. ಒಕ್ಕೂಟದ ಪ್ರಜೆಗಳು ಇಲ್ಲೇ ಉಳಿಯಲು ಹಾಕಬೇಕಾದ ಅರ್ಜಿ ನಿನ್ನೆಯಿಂದ ಎಲ್ಲರಿಗೂ ತೆರೆದಿದೆ. 65 ಪೌಂಡ್ ಶುಲ್ಕವನ್ನು ಜನವರಿಯಲ್ಲಿ ಕೈಬಿಟ್ಟರು, ಅಷ್ಟು ಒಳ್ಳೆಯದಾಯಿತು. ಆ್ಯಪ್ ಆಂಡ್ರಾಯ್ಡ್ ಫೋನಿನಲ್ಲಿ ಮಾತ್ರ ನಡೆಯುತ್ತದೆ, ಅವಳದು ಐಫೋನ್. ನನ್ನ ಫೋನಿನಲ್ಲೇ ಅವಳ ಪಾಸ್‌ಪೋರ್ಟ್ ಹಿಡಿದೆವು.

ಏಪ್ರಿಲ್ 11, ಗುರುವಾರ

ಅಕ್ಟೋಬರ್ 31ರವರೆಗೆ ಸಮಯ ಸಿಕ್ಕಿತು. ಈ ಸಮಯವನ್ನು ಹಾಳುಮಾಡಬೇಡಿ ಎಂದು ಐರೋಪ್ಯ ಮಂಡಳಿಯ ಅಧ್ಯಕ್ಷ ಡೊನಾಲ್ಡ್ ಟುಸ್ಕ್ ಬೇಡಿಕೊಂಡರು. ಸಂಸದರು ಈಸ್ಟರ್ ರಜೆಗೆ ಹೊರಟರು.

ಮೇ 24, ಶುಕ್ರವಾರ

ಥೆರೆಸಾ ಮೇ ರಾಜೀನಾಮೆ ಘೋಷಿಸಿದರು. ಕೊನೆಯಲ್ಲಿ ಗಂಟಲು ಕಟ್ಟಿತು. ಮನುಷ್ಯಳಾಗಿ ಅವರ ಬಗ್ಗೆ ಮರುಕ ಬಂತು.

ಆದರೆ ಮನಸ್ಸು ನಿನ್ನೆಯಲ್ಲೇ ಇತ್ತು. ಹೊರಹೋಗದೆ ಉಳಿದದ್ದರಿಂದ ನಿನ್ನೆ ಇಲ್ಲಿ ಐರೋಪ್ಯ ಸಂಸತ್ತಿನ ಚುನಾವಣೆ. ಇದರಲ್ಲಿ ಗೆಳತಿಗೂ ಮತದ ಹಕ್ಕಿದೆ. ಕೆಲಸ ಮುಗಿಸಿ ಇಬ್ಬರೂ ಹೋದೆವು. ಪಟ್ಟಿಯಲ್ಲಿ ಅವಳ ಹೆಸರಿನ ಮೇಲೆ ಗೀಟು. ತನ್ನ ದೇಶದಲ್ಲಿ ಮತ ಹಾಕುವುದಿಲ್ಲ ಎಂಬ ಇನ್ನೊಂದು ನಮೂನೆ ತುಂಬಿ ಕೊಡಬೇಕಿತ್ತು, ಅದರ ಕೊನೆಯ ದಿನ ಮೇ 7. ಚುನಾವಣೆ ನಡೆದೇ ನಡೆಯುತ್ತದೆಂದು ಸರ್ಕಾರ ಒಪ್ಪಿಕೊಂಡದ್ದೂ ಮೇ 7ಕ್ಕೇ. ಆ ನಮೂನೆ ಅವಳ ಕೈಗೆ ಬಂದಿರಲೇ ಇಲ್ಲ. ದೇಶದ ತುಂಬ ಹೀಗೆ ವಾಪಸಾದವರ ಸುದ್ದಿ ಬರುತ್ತಿದೆ.

ಅವಳು ಅಳಲಿಲ್ಲ, ಜಗಳಾಡಲಿಲ್ಲ. ಮತಗಟ್ಟೆಯ ಹೆಂಗಸಿನ ತಪ್ಪೇನೂ ಇಲ್ಲ ಎಂದು ಅವರಿಗೇ ಸಮಾಧಾನ ಹೇಳಿದಳು. ಚುನಾವಣಾ ಆಯೋಗಕ್ಕೂ ಸಂಸದರಿಗೂ ದೂರು ಬರೆಯಲು ನಾಳೆ ಬರುತ್ತಾಳೆ. ಸಾಕ್ಷಿಯಾಗಿ ನನ್ನ ಹೆಸರು ಹಾಕು ಎಂದಿದ್ದೇನೆ.