ನೀರು ಡ್ಯೂಟಿ ಮಾಡುವ ಊರು: ಗೋಕಾಕ ಫಾಲ್ಸ್

ಜೋಗಕ್ಕೆ ‘ಮುಂಗಾರು ಮಳೆ’ ಸಿಕ್ಕಿತು. 2006ರಲ್ಲಿ ಆ ಚಿತ್ರ ಬಂದದ್ದೇ ತಡ, ಜೋಗ ನೋಡದ ಹುಡುಗರೂ ಜೋಗದ ಮಾತಾಡತೊಡಗಿದರು. ನಮ್ಮ ಘಟಪ್ರಭೆಗೆ ಅಷ್ಟು ದೊಡ್ಡ ಅದೃಷ್ಟ ಎಲ್ಲಿ ಬರಬೇಕು?

ಗೋಕಾಕ್ ಅಂದ ಕೂಡಲೇ ಅಣ್ಣಾವ್ರ ಅಭಿಮಾನಿಗಳ ಕಿವಿ ನೆಟ್ಟಗಾಗುತ್ತೆ. 1982ರ ಗೋಕಾಕ್ ಚಳವಳಿ! ಡಾ. ರಾಜ್ ಬೀದಿಗಿಳಿದರು, ಇಡೀ ಚಿತ್ರರಂಗ ಅವರ ಹಿಂದೆ ನಡೆಯಿತು. ಆದರೆ ಗೆಳೆಯರೇ, ಆ ಹೆಸರು ಈ ಊರಿಂದ ನೇರವಾಗಿ ಬಂದದ್ದಲ್ಲ. ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೊಡಿ ಅಂತ ವರದಿ ಬರೆದ ವಿ. ಕೃ. ಗೋಕಾಕರ ಹೆಸರು ಅದು. ಅವರು ಹುಟ್ಟಿದ್ದು ಸವಣೂರಿನಲ್ಲಿ. ಇರಲಿ, ನಮ್ಮ ಬಸ್ಸು ಮುಂದೆ ಹೋಗಲಿ.

ಗೋಕಾಕ ಪಟ್ಟಣದಿಂದ ಕೊಣ್ಣೂರಿನ ರಸ್ತೆ ಹಿಡಿದರೆ ಆರು ಕಿಲೋಮೀಟರ್ ಆಸುಪಾಸು. ‘ಫಾಲ್ಸ್’ ಅಂದರೆ ಸಾಕು, ಕಂಡಕ್ಟರ್ ಟಿಕೆಟ್ ಹರೀತಾನೆ. ಪಶ್ಚಿಮ ಘಟ್ಟದಲ್ಲಿ ಹುಟ್ಟಿ ಕೃಷ್ಣೆಯನ್ನು ಸೇರಲು ಪೂರ್ವಕ್ಕೆ ಹೊರಟ ಘಟಪ್ರಭೆ, ಇಲ್ಲಿ ಕಲ್ಲು ಹಾಸಿನ ಮೇಲೆ ಅಗಲವಾಗಿ ಹರಿದು ಬಂದು ಒಮ್ಮೆಗೇ 170 ಅಡಿ ಕೆಳಗೆ ಧುಮುಕುತ್ತಾಳೆ. ಬಂಡೆಯ ಅಂಚು ಕುದುರೆ ಲಾಳದ ಹಾಗೆ ಬಾಗಿರುವುದರಿಂದ ‘ಚಿಕ್ಕ ನಯಾಗರ’ ಅಂತ ಬಿರುದು. ದಡದಲ್ಲಿ ಚಾಲುಕ್ಯರ ಕಾಲದ ಮಹಾಲಿಂಗೇಶ್ವರನ ಗುಡಿ. ನದಿಗೆ ಅಡ್ಡಲಾಗಿ 200 ಮೀಟರಿನಷ್ಟು ಉದ್ದದ ತೂಗುಸೇತುವೆ. ಬಂದವರು ಇದಿಷ್ಟು ನೋಡಿ, ಫೋಟೋ ತೆಗೆಸಿಕೊಂಡು, ಊರಿಗೆ ಬೆನ್ನು ಹಾಕಿ ಹೊರಟುಬಿಡ್ತಾರೆ.

ನನಗೆ ಬೇಕಾದದ್ದು ಆ ಬೆನ್ನ ಹಿಂದಿನ ಊರು!

ಹತ್ತೊಂಬತ್ತನೇ ಶತಮಾನದಲ್ಲಿ ಇಲ್ಲಿಗೆ ಬಂದ ಫೋರ್ಬ್ಸ್ ಕಂಪನಿಯ ಬಿಳಿಯರೂ ಈ ಧುಮುಕುವ ನೀರು ನೋಡಿದರು. ಆದರೆ ಅವರ ತಲೆಯಲ್ಲಿ ಹಾಡು ಬರಲಿಲ್ಲ, ಲೆಕ್ಕ ಬಂತು. ಸುತ್ತ ಎರೆಭೂಮಿ, ಹತ್ತಿ ಬೆಳೆಯುವ ಸೀಮೆ. ದುಡಿಯುವ ಕೈಗೆ ಬರವಿಲ್ಲ. ಕಲ್ಲಿದ್ದಲು ಮಾತ್ರ ದೂರದಿಂದ ತರಬೇಕು. ಅದರ ಬದಲು ಈ 170 ಅಡಿಯನ್ನೇ ಯಾಕೆ ದುಡಿಸಬಾರದು? ಮೇಲಿನ ನೀರನ್ನು ಕೊಳವೆಯಲ್ಲಿ ಕೆಳಗಿಳಿಸು, ಟರ್ಬೈನ್ ತಿರುಗಿಸು, ಆ ಬಲದಿಂದ ನೂಲು ತೆಗೆ. 1880ರ ದಶಕದಲ್ಲಿ ನೂಲಿನ ಗಿರಣಿ ಎದ್ದಿತು. 1887ರಲ್ಲೇ ಇಲ್ಲಿ ಕರೆಂಟು ಹುಟ್ಟಿತು ಅಂತ ಈ ಭಾಗದವರು ಅಭಿಮಾನದಿಂದ ಹೇಳ್ತಾರೆ. ಹೆಸರುವಾಸಿಯಾದ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದದ್ದು 1902ರಲ್ಲಿ. ಕರೆಂಟಿನ ಜಗಳ ಬಲ್ಲವರು ಆಡಲಿ. ನೀರಿನಿಂದ ಕದಿರು ತಿರುಗಿದ್ದಂತೂ ಸುಳ್ಳಲ್ಲ.

ಗಿರಣಿಯ ಬೆನ್ನಿಗೆ ಊರು ಬೆಳೆಯಿತು. ಕಂಪನಿ ಕ್ವಾರ್ಟರ್ಸು, ಶಾಲೆ, ದವಾಖಾನೆ. ಬೇರೆ ಹಳ್ಳಿಯಲ್ಲಿ ಹೊತ್ತು ನೋಡೋದು ಸೂರ್ಯನಿಂದ, ಮಿಲ್ಲಿನ ಊರಲ್ಲಿ ಪಾಳಿಯಿಂದ. ‘ಯಾವ ಪಾಳಿ ಅದ ನಿಂದು?’ ಅಂತ ಕೇಳಿ ಗೊತ್ತು ಮಾಡಿಕೊಂಡೇ ಸಿನಿಮಾಕ್ಕೆ ಹೋಗುವ ಯೋಚನೆ. ರಾತ್ರಿ ಪಾಳಿಯವನಿಗೆ ಮ್ಯಾಟಿನಿ, ಹಗಲು ಪಾಳಿಯವನಿಗೆ ಸೆಕೆಂಡ್ ಶೋ. ತಲೆಗೂದಲಿಗೆ ಅಂಟಿದ ಹತ್ತಿಯ ಎಳೆ ಪೂರಾ ಕೊಡವಿಕೊಳ್ಳದೆ ಟಾಕೀಸಿನ ಕ್ಯೂನಲ್ಲಿ ನಿಂತ ಮಿಲ್ ಕಾರ್ಮಿಕರು ಇಲ್ಲದಿದ್ದರೆ ನಮ್ಮ ನೂರು ದಿನದ ಚಿತ್ರಗಳು ಐವತ್ತಕ್ಕೇ ನಿಲ್ಲುತ್ತಿದ್ದವೋ ಏನೋ!

ಒಂದು ಮಾತು ಪ್ರವಾಸಿಗರಿಗೆ ರುಚಿಸೋದಿಲ್ಲ. ಬೇಸಿಗೆಯಲ್ಲಿ ಬಂದವರು ಬರೀ ಬಂಡೆ ನೋಡಿ ‘ಇದೇನ್ರೀ ಫಾಲ್ಸು?’ ಅಂತ ಬೈದುಕೊಂಡು ಹೋಗ್ತಾರೆ. ನೀರು ಎಲ್ಲಿ ಹೋಯ್ತು? ಮೇಲೆ ಹಿಡಕಲ್ಲಿನಲ್ಲಿ ಅಣೆಕಟ್ಟು ಇದೆ, ಇನ್ನೂ ಈಚೆಗೆ ಧೂಪದಾಳದ ಒಡ್ಡು ಇದೆ. ಅಲ್ಲಿಂದ ಕಾಲುವೆ ಹಿಡಿದು ಕಬ್ಬಿನ ಗದ್ದೆಗೆ ಹೋಯ್ತು. ರೈತನಿಗೂ ಅದೇ ನೀರು, ಗಿರಣಿಗೂ ಅದೇ ನೀರು. ಕಣ್ಣಿಗೆ ಹಬ್ಬ ಮಾಡೋದು ಮಿಕ್ಕ ನೀರು ಮಾತ್ರ. ಇದರಲ್ಲಿ ನಾನು ರೈತ, ಕಾರ್ಮಿಕರ ಕಡೆ. ಬಂಡೆ ಒಣಗಿದರೆ ಪ್ರವಾಸಿಗ ಮುಂದಿನ ವರ್ಷ ಬರಬಹುದು. ಪಗಾರ ನಿಂತರೆ ಅಷ್ಟು ದಿನ ಯಾರು ಕಾಯ್ತಾರೆ?

ಆ ಭಯ ಸುಮ್ಮನೆ ಅಲ್ಲ. ಬೆಂಗಳೂರಿನ ಬಿನ್ನಿ ಮಿಲ್ಲು ಮುಚ್ಚಿತು. ‘ಕರ್ನಾಟಕದ ಮ್ಯಾಂಚೆಸ್ಟರ್’ ಅನ್ನಿಸಿಕೊಂಡ ದಾವಣಗೆರೆಯಲ್ಲಿ ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲೆಳೆದವು. ಇಲ್ಲಿಯ ಗಿರಣಿಯೂ ನಷ್ಟದ ವರ್ಷಗಳನ್ನು ಕಂಡಿದೆ. ದಾವಣಗೆರೆಯಂಥ ಪೇಟೆಯಲ್ಲಿ ಕೆಲಸ ಹೋದವನು ಅಂಗಡಿಯನ್ನೋ ಆಟೋವನ್ನೋ ನೋಡಿಕೊಂಡಾನು. ಗಿರಣಿಗಾಗಿಯೇ ಹುಟ್ಟಿದ ಊರಿನವನು ಗಂಟು ಕಟ್ಟಿ ಬಸ್ಸೇ ಹತ್ತಬೇಕು.

ನೀರು ಹೆಚ್ಚಾದರೂ ಕಷ್ಟವೇ. 2019ರ ಆಗಸ್ಟಿನಲ್ಲಿ ಘಟಪ್ರಭೆ, ಮಾರ್ಕಂಡೇಯ ಎರಡೂ ಉಕ್ಕಿ ಗೋಕಾಕ ಪಟ್ಟಣದ ಮನೆಗಳಿಗೇ ನುಗ್ಗಿದವು.

ನೋಡುವ ಆಸೆಯಿದ್ದರೆ ಜುಲೈ, ಆಗಸ್ಟಿನಲ್ಲಿ ಹೋಗಿ. ಬಂಡೆಯ ಅಂಚಿಗೆ ಹೋಗಿ ಹೀರೋಗಿರಿ ಮಾಡಬೇಡಿ, ಅಲ್ಲಿ ಡ್ಯೂಪ್ ಇರೋದಿಲ್ಲ. ವಾಪಸು ಬರುವಾಗ ಗೋಕಾಕದಲ್ಲಿಳಿದು ಅರ್ಧ ಕಿಲೋ ಕರದಂಟು ಕಟ್ಟಿಸಿಕೊಳ್ಳಿ. ಅದಕ್ಕೂ ಮುಂಚೆ ಊರೊಳಗೆ ಒಂದು ಕಪ್ ಚಹಾ ಕುಡಿದು, ಈಗ ಪಾಳಿ ಹ್ಯಾಂಗ ನಡದದ ಅಂತ ಯಾರನ್ನಾದರೂ ಕೇಳಿ ಬನ್ನಿ.