ಹಗೇವಿನ ಬಾಯಿ

ಬೆಂಗಳೂರಿನಿಂದ ಬಂದಿದ್ದ ಮಗ ಟಿ.ವಿ.ಗೆ ಏನೋ ಜೋಡಿಸಿ, 'ಅಪ್ಪಾ, ರಷ್ಯಾದ ಧಾರಾವಾಹಿ ನೋಡು' ಎಂದ. 'ಜುಲೈಖಾ ಕಣ್ಣು ತೆರೆಯುತ್ತಾಳೆ' ಎಂದು ಹೆಸರು. ಗುಜೇಲ್ ಯಾಖಿನಾ ಎಂಬಾಕೆಯ 2015ರ ಕಾದಂಬರಿ. 2020ರಲ್ಲಿ ಅಲ್ಲಿಯ ಟಿ.ವಿ.ಯಲ್ಲಿ ಎಂಟು ಕಂತುಗಳಾಗಿ ಬಂತಂತೆ. ಕೆಳಗೆ ಮೂಡುವ ಇಂಗ್ಲಿಷ್ ಸಾಲುಗಳನ್ನು ಮಗ ಕನ್ನಡ ಮಾಡಿ ಹೇಳುತ್ತಿದ್ದ.

1930ರ ಕತೆ. ಸ್ಟಾಲಿನ್ನನ ಸರಕಾರ ತುಸು ಉಳ್ಳ ರೈತರಿಗೆಲ್ಲ 'ಕುಲಕ'ರೆಂದು ಹೆಸರಿಟ್ಟು, ಬಡವರ ಹೆಸರು ಹೇಳಿ ಹೊಲ, ದನ, ಕಾಳು ಕಸಿದು ಸೈಬೀರಿಯಾಕ್ಕೆ ಅಟ್ಟಿದ ಕಾಲ. ತಾತಾರರ ಹಳ್ಳಿಯೊಂದರಲ್ಲಿ ಗಂಡ ಹೆಂಡತಿ ಕಾಳನ್ನು ಸತ್ತ ಮಗಳ ಸಮಾಧಿಯಲ್ಲಿ ಬಚ್ಚಿಡುತ್ತಾರೆ. ಗಂಡ ಗುಂಡಿಗೆ ಬಲಿಯಾಗುತ್ತಾನೆ. ಹೆಂಡತಿಯನ್ನು ರೈಲು ಹತ್ತಿಸಿ ದೂರದ ಅಂಗಾರಾ ನದಿಯ ದಂಡೆಗೆ ಒಯ್ಯುತ್ತಾರೆ. ನನ್ನ ಕಣ್ಣು ಒದ್ದೆಯಾದವು.

ಅದಕ್ಕೆ ಕಾರಣವಿತ್ತು. ಎರಡನೇ ಮಹಾಯುದ್ಧದ ಕಾಲಕ್ಕೆ ನಮ್ಮ ದಢೇಸುಗೂರು ನಿಜಾಮನ ರಾಜ್ಯದಲ್ಲಿತ್ತು. ಲೆವಿಯವರು ಬಂದು ಕಾಳು ಅಳೆದುಕೊಂಡು ಹೋಗುತ್ತಿದ್ದರು. ನಮ್ಮಜ್ಜ ದನದ ಕೊಟ್ಟಿಗೆಯ ಹಗೇವಿಗೆ ಜೋಳ ತುಂಬಿಸಿ, ಬಾಯಿಗೆ ಕಲ್ಲು ಚಪ್ಪಡಿ ಇಡಿಸಿ, ಮಣ್ಣು ಮೆತ್ತಿಸಿ, ಮೇಲೆ ಎತ್ತು ಕಟ್ಟಿಸಿದ್ದನಂತೆ. ಅಜ್ಜಿ ಈ ಕತೆ ಹೇಳುವಾಗೆಲ್ಲ ಅಜ್ಜ ನಮಗೆ ವೀರನಂತೆ ಕಾಣುತ್ತಿದ್ದ. ಎತ್ತಿನ ಕಾಲ ಕೆಳಗೆ ಜೋಳ! ಹುಡುಗರಿಗೆ ಇನ್ನೇನು ಬೇಕು? ನಿಜಾಮನಿಗೂ ಸ್ಟಾಲಿನ್ನನಿಗೂ ಎತ್ತಣ ಸಂಬಂಧ ಎಂದು ನೀವು ನಗಬಹುದು. ನನಗೆ ಮಾತ್ರ ಆ ಸಮಾಧಿ ನಮ್ಮ ಕೊಟ್ಟಿಗೆಯೇ ಆಗಿತ್ತು.

ಇದನ್ನೆಲ್ಲ ಮಗನಿಗೆ ಹೇಳುತ್ತಿದ್ದೆ. ಬಾಗಿಲ ಬಳಿ ಗೋಡೆಗೆ ಆತು ಕೂತಿದ್ದ ಮುದುಕಿ ಬಾಯಿ ಹಾಕಿದಳು. ತೊಂಬತ್ತರ ಹತ್ತಿರದವಳು, ಅವಳ ಅಪ್ಪ ನಮ್ಮ ಮನೆಯ ಆಳಾಗಿದ್ದವನು.

'ಧಣೇರ, ಆ ಕಲ್ಲು ಹೊತ್ತು ಇಟ್ಟಾಂವ ನಮ್ಮಪ್ಪ.'

'ಹೌದೇನಬೇ?'

'ಹೌದ್ರಿ. ಯಾರ ಮುಂದೂ ಹೇಳಬ್ಯಾಡಂತ ಆಣಿ ಮಾಡಿಸ್ಕೊಂಡಿದ್ರು. ಲೆವಿಯವ್ರು ಬಡದ್ರೂ ಹೇಳಲಿಲ್ಲ. ಆ ವರ್ಷ ನಮ್ಮವ್ವ ಕೂಲಿ ಜೋಳ ಕೇಳಾಕ ಬಂದ್ರ, ಎಲ್ಲಾ ಲೆವಿಗೆ ಹೋತು ಅಂದ್ರಂತ. ಅಪ್ಪಗ ಗೊತ್ತಿತ್ತು. ಆದ್ರ ಆಣಿ ಮಾಡಿದ್ನಲ್ಲ, ಮನ್ಯಾಗೂ ಹೇಳಲಿಲ್ಲ. ಸಾಯೋ ಮುಂದ ಹೇಳಿದ.'

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅಪ್ಪ ಮಾತಿಗೆ ತಪ್ಪಲಿಲ್ಲವೆಂಬ ಹೆಮ್ಮೆಯೇ ಇತ್ತೇನೋ. ಅಜ್ಜಿಯ ಕತೆಯಲ್ಲಿ ಕಲ್ಲು ಹೊತ್ತವನು ಇರಲೇ ಇಲ್ಲ. ನಾನೂ ಯಾವತ್ತೂ ಕೇಳಿರಲಿಲ್ಲ. ಅಂಥ ಚಪ್ಪಡಿಯನ್ನು ಅಜ್ಜ ಒಬ್ಬನೇ ಎತ್ತಿದನೆಂದು ನಂಬಿಕೊಂಡಿದ್ದೆ!

ತುಂಗಭದ್ರೆಯ ಕಾಲುವೆ ನೀರು ಬಂದು ಹೊಲಗಳೆಲ್ಲ ಗದ್ದೆಯಾದ ಮೇಲೆ ನೆಲದ ತೇವಕ್ಕೆ ಹಗೇವು ಕೆಟ್ಟಿತು. ಅಪ್ಪ ಮುಚ್ಚಿಸಿದರು. ಈಗ ಅದರ ಮೇಲೆ ಮಗನ ಕಾರು ನಿಂತಿರುತ್ತದೆ.

ಮಗ ಟಿ.ವಿ. ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದ. ನನಗೆ ಮಾತು ಹೊರಡಲಿಲ್ಲ.

'ಸಣ್ಣ ಧಣಿ, ಯಾಕ ನಿಂದ್ರಿಸಿದ್ರಿ?' ಎಂದಳು ಮುದುಕಿ. 'ಆ ಹೆಣ್ಮಗಳು ಮುಂದೇನಾದ್ಲು, ಹಚ್ಚರಿ.'

ಮಗ ಹಚ್ಚಿದ.